ಭಾರವಾದ ಸದ್ದು, ಹಗುರವಾದ ತಂತಿ

ಡೂಮ್ ಮೆಟಲ್ ಎಂಬ ಭಾರದ ರಾಕ್ ಸಂಗೀತ ನುಡಿಸುವವರಿಗೆ ಯಾವುದಕ್ಕೂ ಅವಸರವಿಲ್ಲ. ಒಂದು ಸ್ವರ ಬಾರಿಸುತ್ತಾರೆ, ಅದು ತಾನಾಗಿ ಸಾಯುವವರೆಗೂ ಕಾಯುತ್ತಾರೆ, ಆಮೇಲೆ ಬೇಕೋ ಬೇಡವೋ ಎಂದು ಯೋಚಿಸಿ ಇನ್ನೊಂದನ್ನು ಬಾರಿಸುತ್ತಾರೆ. ಅಮೆರಿಕದ ಸ್ಲೀಪ್ ಎಂಬ ತಂಡ 'ಡೋಪ್‌ಸ್ಮೋಕರ್' ಎಂಬ ಒಂದೇ ಹಾಡನ್ನು ಗಂಟೆಗೂ ಮೀರಿ ಎಳೆಯಿತು. ಮುಂಗಡ ಹಣ ಕೊಟ್ಟಿದ್ದ ರೆಕಾರ್ಡ್ ಕಂಪನಿ ಅದನ್ನು ಕೇಳಿ ಬಿಡುಗಡೆ ಮಾಡಲು ಒಪ್ಪಲೇ ಇಲ್ಲ. ಗಂಟೆಗಟ್ಟಲೆ ಒಂದೇ ರಾಗ ಎಳೆಯುವುದು ನಮಗೇನೂ ಹೊಸದಲ್ಲ. ಆದರೆ ನಮ್ಮ ಕಛೇರಿಗಳಲ್ಲಿ ತನಿ ಆವರ್ತನದ ಹೊತ್ತಿಗೆ ಎದ್ದು ಹೋಗಿ ಕಾಫಿ ಕುಡಿದು ಬರುವ ಸೌಲಭ್ಯ ಉಂಟು.

ನನ್ನ ಅಕ್ಕನ ಮಗ ಈ ಡೂಮ್ ಪಂಥದವನು. ಹಗಲು ಸಾಫ್ಟ್‌ವೇರ್, ರಾತ್ರಿ ಸರ್ವನಾಶ. ಅವನಿಗೆ ಗಿಟಾರ್ ಇರುವುದು ಒಂದೇ, ಆದರೆ ಅದರ ಕಾಲ ಬುಡದಲ್ಲಿ ಸದ್ದು ಬದಲಿಸುವ ಪೆಡಲ್‌ಗಳ ಸಂಸಾರವೇ ಇದೆ. ಸಂಬಳ ಬಂದ ವಾರದಲ್ಲಿ ಒಂದು ಹೊಸ ಕಬ್ಬಿಣದ ಡಬ್ಬಿ ಕೊರಿಯರ್‌ನಲ್ಲಿ ಬರುತ್ತದೆ. ಇದು ಯಾಕಪ್ಪಾ ಎಂದರೆ, "ಟೋನ್ ಇನ್ನೂ ಹೆವಿ ಆಗ್ಬೇಕು ಮಾಮ" ಎನ್ನುತ್ತಾನೆ. ಅವನು ತಂತಿ ಸಡಿಲಿಸಿ ಮಂದ್ರದಲ್ಲಿ ಒಮ್ಮೆ ಬಾರಿಸಿದರೆ ಅಡುಗೆಮನೆಯ ಸ್ಟ್ಯಾಂಡಿನ ಸ್ಟೀಲ್ ತಟ್ಟೆಗಳೆಲ್ಲ ಗುಂಯ್ಗುಡುತ್ತವೆ. ಪಕ್ಕದ ಸೈಟಿನವರು ಬೋರ್‌ವೆಲ್ ಕೊರೆಸುತ್ತಿದ್ದಾರೆ ಎಂದು ಅಕ್ಕ ಬಂದವರಿಗೆಲ್ಲ ಹೇಳಿ ಮರ್ಯಾದೆ ಕಾಪಾಡಿಕೊಂಡಿದ್ದಾಳೆ.

ಅವನ ಮಾತು ಕೇಳಿ ಕೇಳಿ, ಅವನು ಕೊಟ್ಟ ರೆಕಾರ್ಡುಗಳನ್ನು ಕೇಳಿ ಕೇಳಿ ನನಗೂ ಈ ಭಾರದ ಹುಚ್ಚು ಸ್ವಲ್ಪ ಹಿಡಿದಿದೆ. ಆದರೆ ಒಂದು ವಿಷಯದಲ್ಲಿ ನಮ್ಮಿಬ್ಬರಿಗೆ ಜಗಳ. ಭಾರ ಬೇಕೆಂದರೆ ಇನ್ನಷ್ಟು ಸೇರಿಸಬೇಕು ಎಂಬುದು ಅವನ ಸಿದ್ಧಾಂತ. ನನಗೆ ಇದರ ಚರಿತ್ರೆ ಓದಿದಾಗ ಕಂಡದ್ದು ಪೂರಾ ಉಲ್ಟಾ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಾರ್ಖಾನೆಗಳ ಊರು. ಅಲ್ಲಿ ಟೋನಿ ಅಯೋಮಿ ಎಂಬ ಹುಡುಗ ಶೀಟ್ ಮೆಟಲ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ವಯಸ್ಸು 17. ಸಂಗೀತಕ್ಕಾಗಿ ಕೆಲಸ ಬಿಡಲು ತೀರ್ಮಾನಿಸಿದ್ದ, ಅದೇ ಕೊನೆಯ ದಿನ. ಅವತ್ತೇ ಯಂತ್ರಕ್ಕೆ ಕೈ ಸಿಕ್ಕಿ ಬಲಗೈಯ ನಡುಬೆರಳು, ಉಂಗುರ ಬೆರಳುಗಳ ತುದಿ ತುಂಡಾದವು. ಬಲಗೈ ತಾನೆ, ಎಡಗೈಯಲ್ಲಿ ತಂತಿ ಒತ್ತಬಹುದಲ್ಲ ಎನ್ನುತ್ತೀರಿ. ಅವನು ಎಡಚ, ತಂತಿ ಒತ್ತುತ್ತಿದ್ದದ್ದೇ ಬಲಗೈಯಿಂದ. ಬೇಸತ್ತು ಕೂತವನಿಗೆ ಕಾರ್ಖಾನೆಯ ಮೇಲ್ವಿಚಾರಕ ಒಂದು ರೆಕಾರ್ಡ್ ತಂದುಕೊಟ್ಟ. ಅದು ಜ್ಯಾಂಗೋ ರೈನ್‌ಹಾರ್ಟ್‌ನದು; ಬೆಂಕಿಯಲ್ಲಿ ಎಡಗೈ ಸುಟ್ಟುಕೊಂಡು, ಮುಖ್ಯವಾಗಿ ಎರಡೇ ಬೆರಳುಗಳಲ್ಲಿ ಗಿಟಾರ್ ಆಳಿದವನು ಅವನು. ಅಯೋಮಿ ಎದ್ದ. ಪಾತ್ರೆ ತೊಳೆಯುವ ಲಿಕ್ವಿಡ್‌ನ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ಅದರ ಮೇಲೆ ಚರ್ಮ ಅಂಟಿಸಿದ. ಆ ಬೆರಳಿಗೆ ಮಾಮೂಲಿ ದಪ್ಪ ತಂತಿ ಒತ್ತಲಾಗುತ್ತಿರಲಿಲ್ಲ. ಗಿಟಾರಿಗೆ ತೆಳು ತಂತಿಯೇ ಸಿಗದ ಕಾಲ, ಬ್ಯಾಂಜೋ ತಂತಿ ಕಟ್ಟಿದ.

ಈಗ ನೋಡಿ, ಜಗತ್ತಿನ ಅತಿ ಭಾರದ ಸಂಗೀತದ ಮೂಲಪುರುಷನ ಕೈಯಲ್ಲಿದ್ದದ್ದು ಬ್ಯಾಂಜೋ ತಂತಿ ಮತ್ತು ಸೋಪಿನ ಬಾಟಲಿ.

1970ರ ಫೆಬ್ರವರಿ 13, ಶುಕ್ರವಾರ, ಅಯೋಮಿಯ ಬ್ಲ್ಯಾಕ್ ಸಬ್ಬತ್ ತಂಡದ ಮೊದಲ ಆಲ್ಬಮ್ ಹೊರಬಂತು. ತಂಡದ ಹೆಸರಿನದೇ ಆದ ಮೊದಲ ಹಾಡಿನಲ್ಲಿ ಗಿಟಾರ್ ನುಡಿಸುವ ಮುಖ್ಯ ತುಣುಕಿಗೆ ಮೂರೇ ಸ್ವರ: ಷಡ್ಜ, ಮೇಲಿನ ಷಡ್ಜ, ಆಮೇಲೆ ಪ್ರತಿಮಧ್ಯಮ. ಈ ಕೊನೆಯ ಜಿಗಿತವನ್ನು ಪಾಶ್ಚಾತ್ಯರು ಸೈತಾನನ ಅಂತರ ಎಂದು ಕರೆದು ನಡುಗುತ್ತಾರೆ. ನಾವು ಅದೇ ಪ್ರತಿಮಧ್ಯಮವನ್ನು ಕಲ್ಯಾಣಿಯಲ್ಲಿ ಹಾಡಿ ಮದುವೆಮನೆಯಲ್ಲಿ ಪಾಯಸ ಬಡಿಸುತ್ತೇವೆ. ಅಪಶಕುನವೂ ಊರಿಂದ ಊರಿಗೆ ಬೇರೆ.

ಮುಂದಿನ ವರ್ಷದ 'ಮಾಸ್ಟರ್ ಆಫ್ ರಿಯಾಲಿಟಿ' ಆಲ್ಬಮ್ಮಿನ ಕೆಲವು ಹಾಡುಗಳಿಗೆ ಅಯೋಮಿ ಗಿಟಾರಿನ ಶ್ರುತಿಯನ್ನು ಮೂರು ಮನೆ ಇಳಿಸಿದ. ಬೆರಳಿಗೆ ನೋವಾಗದಿರಲಿ ಎಂದು. ಇಲ್ಲಿ ಲೆಕ್ಕ ಸ್ವಾರಸ್ಯವಾಗಿದೆ: ಮೂರು ಮನೆ ಇಳಿಸಿದರೆ ದಪ್ಪ ತಂತಿಯ ಕಂಪನ ಸೆಕೆಂಡಿಗೆ 82ರಿಂದ 69ಕ್ಕೆ ಬರುತ್ತದೆ, ತಂತಿಯ ಬಿಗಿ ಮಾತ್ರ ಹತ್ತಿರ ಹತ್ತಿರ 30 ಪರ್ಸೆಂಟ್ ಕಡಿಮೆಯಾಗುತ್ತದೆ. ನೋವಿನಿಂದ ತಪ್ಪಿಸಿಕೊಳ್ಳಲು ಮಾಡಿದ ಉಪಾಯ ಮುಂದಿನವರಿಗೆ ಶಾಸ್ತ್ರವಾಯಿತು. ಹತ್ತು ಬೆರಳೂ ನೆಟ್ಟಗಿರುವ ಹುಡುಗರು ಇವತ್ತು ಶ್ರುತಿಯನ್ನು ಏಳು ಮನೆ ಇಳಿಸಿ, ಜೋಲುಬಿದ್ದ ತಂತಿ ಸರಿಹೋಗಲಿ ಎಂದು ಅದರ ಜಾಗಕ್ಕೆ ಹಗ್ಗದಂಥ ದಪ್ಪ ತಂತಿ ಬಿಗಿಯುತ್ತಾರೆ.

ಪೆಡಲ್ ವಿಷಯಕ್ಕೆ ಬರೋಣ. ಅಯೋಮಿಯ ಮುಂದೆ ಇದ್ದದ್ದು ಡಲ್ಲಾಸ್ ರೇಂಜ್‌ಮಾಸ್ಟರ್ ಎಂಬ ಡಬ್ಬಿ. ಅದರೊಳಗೆ ಒಂದೇ ಒಂದು ಜರ್ಮೇನಿಯಂ ಟ್ರಾನ್ಸಿಸ್ಟರ್, ಮೇಲೆ ಒಂದೇ ತಿರುಪು. ಮಾಡುವ ಕೆಲಸವೋ, ಟ್ರೆಬಲ್ ಹೆಚ್ಚಿಸುವುದು! ಇದನ್ನು ಹೇಳಿದಾಗ ನನ್ನ ಸೋದರಳಿಯ ದೇವರ ಬಗ್ಗೆ ಅಪಚಾರ ಆಡಿದವನನ್ನು ನೋಡುವ ಹಾಗೆ ನೋಡಿದ. ಆದರೆ ಅದರಲ್ಲಿ ತರ್ಕವಿದೆ. ಮಂದ್ರದ ಸದ್ದೆಲ್ಲ ಒಟ್ಟಿಗೆ ಆಂಪ್ಲಿಫೈಯರಿಗೆ ನುಗ್ಗಿದರೆ ಒಡೆದಾಗ ಬರೀ ಗೊಜ್ಜು. ಕೆಳಗಿನದನ್ನು ಸೋಸಿ ಮೇಲಿನದನ್ನು ಬಲವಾಗಿ ತಳ್ಳಿದರೆ ಲೇನಿ ಕಂಪನಿಯ ವಾಲ್ವ್ ಆಂಪ್ ತುಂಬಿಕೊಂಡು, ಸ್ಪಷ್ಟವಾಗಿ ಗೊಗ್ಗರಿಸುತ್ತದೆ. ಲೇನಿಯೂ ಬರ್ಮಿಂಗ್‌ಹ್ಯಾಮಿನದೇ, 1967ರಲ್ಲಿ ಶುರುವಾದದ್ದು.

ಆಮೇಲಿನವರು ಹಿಡಿದದ್ದು ಬಿಗ್ ಮಫ್ ಎಂಬ, ಸದ್ದನ್ನು ಒಡೆಯುವ ಫಝ್ ಪೆಡಲನ್ನು. ನ್ಯೂಯಾರ್ಕಿನ ಮೈಕ್ ಮ್ಯಾಥ್ಯೂಸ್ 1969ರಲ್ಲಿ ಹೊರತಂದದ್ದು. ತೊಂಬತ್ತರ ದಶಕದಲ್ಲಿ ಅದೇ ಪೆಡಲ್ ರಷ್ಯಾದಲ್ಲಿ ತಯಾರಾಗಿ, ಸೈನ್ಯದ ಹಸಿರು ಬಣ್ಣ ಬಳಿಸಿಕೊಂಡು ಬಂತು. ಡೂಮ್ ಮಂದಿಗೆ ಆ ಹಸಿರು ಡಬ್ಬಿಯ ಮೇಲೆ ವಿಶೇಷ ಭಕ್ತಿ. ಅದರ ಸ್ವರ ರೇಷ್ಮೆಗೂ ರಂಪಕ್ಕೂ ನಡುವೆ ಎಲ್ಲೋ ಇದೆ, ಮುಗಿಯುವುದೇ ಇಲ್ಲ. ಒಂದು ದೋಷ: ನಡುವಿನ ಸದ್ದನ್ನು ಬಾಚಿ ಹಾಕಿಬಿಡುತ್ತದೆ. ಕೋಣೆಯಲ್ಲಿ ಒಬ್ಬನೇ ನುಡಿಸಿದಾಗ ಪರ್ವತ, ಡ್ರಮ್ಮು ಬೇಸು ಜೊತೆಗೂಡಿದರೆ ನಾಪತ್ತೆ. ಹಾಗಾಗಿ ತಿಳಿದವರು ಪೆಡಲಿನಲ್ಲಿ ಸದ್ದು ಒಡೆಯುವ ಗೇನ್ ಇಳಿಸಿ, ಆಂಪಿನಲ್ಲಿ ನಡುಸದ್ದಿನ ಮಿಡ್ ಏರಿಸುತ್ತಾರೆ. ಅಂದರೆ ಅಲ್ಲೂ ಕಳೆಯುವುದೇ.

ಇನ್ನು ವಾಟ್. ಆರೆಗನ್‌ನ ನಾರ್ಮ್ ಸುಂಡ್‌ಹೋಮ್ ಕಿಂಗ್ಸ್‌ಮೆನ್ ತಂಡದ ಬೇಸ್ ವಾದಕ. ಇರುವ ಆಂಪಿನ ಸದ್ದು ಸಾಲದೆಂದು ಅಣ್ಣತಮ್ಮ ಸೇರಿ ಕಟ್ಟಿದ ಕಂಪನಿ ಸನ್. ಅದರ ಮಾಡೆಲ್ ಟಿ ಆಂಪ್ ಡೂಮ್ ಲೋಕದಲ್ಲಿ ಪೂಜ್ಯ. ಒಂದು ತಂಡ ತನ್ನ ಹೆಸರನ್ನೇ ಆ ಕಂಪನಿಯ ಲಾಂಛನದಿಂದ ತೆಗೆದುಕೊಂಡು, ನಿಲುವಂಗಿ ತೊಟ್ಟು ಹೊಗೆಯ ನಡುವೆ ಆಂಪುಗಳ ಗೋಡೆಯೆದುರು ನಿಂತು ನುಡಿಸುತ್ತದೆ. ಅವರ ಸಂಗತಿ ಬೇರೆ. ಆದರೆ 50 ವಾಟಿನದನ್ನು ಮಾರಿ 100 ವಾಟಿನದನ್ನು ತಂದವನಿಗೆ ಸಿಗುವುದು ಬರೀ 3 ಡೆಸಿಬೆಲ್. ಕಿವಿಗೆ ಸದ್ದು ಇಮ್ಮಡಿ ಅನ್ನಿಸಬೇಕಾದರೆ ವಾಟ್ ಸುಮಾರು ಹತ್ತು ಪಟ್ಟು ಬೇಕು. ಅಷ್ಟೊತ್ತಿಗೆ ಮನೆ ಮಾಲೀಕರು ಅಡ್ವಾನ್ಸ್ ವಾಪಸ್ ಕೊಟ್ಟಿರುತ್ತಾರೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಇನ್ನೊಂದಿದೆ. ಗಿಟಾರ್ ಆಂಪಿನ 12 ಇಂಚಿನ ಸ್ಪೀಕರು ಆ ಪಾತಾಳದ ಮೂಲಸ್ವರವನ್ನು ಹೊರಡಿಸುವುದು ಬಹಳ ಕಡಿಮೆ. ಹೊರಡುವುದು ಹೆಚ್ಚಾಗಿ ಅದರ ಮೇಲಿನ ಅನುರಣನ ಸ್ವರಗಳು. ಅವನ್ನು ಕೇಳಿದ ನಮ್ಮ ತಲೆ, ಕೆಳಗೆ ಇಂಥ ಮೂಲಸ್ವರ ಇದ್ದಿರಲೇಬೇಕು ಎಂದು ತಾನೇ ತುಂಬಿಕೊಳ್ಳುತ್ತದೆ. ಫಝ್ ಪೆಡಲ್ ಮಾಡುವುದು ಈ ಅನುರಣನಗಳನ್ನು ರಾಶಿ ಹಾಕುವ ಕೆಲಸ. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ನಾವು ಸಿಕ್ಕಿಸುವ ಜೀವಾಳಿ ದಾರವೂ ಅದನ್ನೇ ಮಾಡುತ್ತದೆ. ಒಂದು ಎಳೆ ಹತ್ತಿ ದಾರ, ವಿದ್ಯುತ್ತು ಬೇಡ, ಸಂಬಳ ಬರುವವರೆಗೆ ಕಾಯಬೇಕಿಲ್ಲ. ಇದನ್ನು ಹೇಳಿದರೆ ಹುಡುಗ, "ಅದನ್ನ ಡಿಸ್ಟಾರ್ಷನ್ ಅನ್ನಬಹುದಾ ಮಾಮ?" ಎಂದು ಮೊದಲ ಸಲ ಗೌರವದಿಂದ ಕೇಳಿದ.

ಬೆಂಗಳೂರಿಗೆ ಈ ಸಂಗೀತ ಅಪರಿಚಿತವೇನಲ್ಲ. ಡೈಯಿಂಗ್ ಎಂಬ್ರೇಸ್ ತಂಡ ತೊಂಬತ್ತರ ದಶಕದಲ್ಲೇ ಇಲ್ಲಿ ಈ ಜಾತಿಯ ಸದ್ದು ಮಾಡಿತ್ತು. ಆಮೇಲೆ ಬಂದ ಬೇವರ್ ಸೀ ತಂಡದ ಹೆಸರನ್ನು ಹಿರಿಯರ ಮುಂದೆ ಸ್ವಲ್ಪ ಬಿಡಿಸಿ ಓದುವುದು ಕ್ಷೇಮ. ಜಾಲಹಳ್ಳಿಯ ಬಿಇಎಲ್ ಒಂದು ಕಾಲಕ್ಕೆ ರೇಡಿಯೊಗಳಿಗಾಗಿ, ಅಯೋಮಿಯ ಡಬ್ಬಿಯಲ್ಲಿದ್ದಂಥ ಜರ್ಮೇನಿಯಂ ಟ್ರಾನ್ಸಿಸ್ಟರ್ ತಯಾರಿಸುತ್ತಿತ್ತು; ಸೋದರಳಿಯ ಈಗ ರಜೆಯ ದಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಹಳೇ ಮಾಲು ಕೆದಕುತ್ತಾನೆ. ಜರ್ಮೇನಿಯಂಗೆ ಸೆಕೆ ಆಗಿಬರುವುದಿಲ್ಲ, ಬಿಸಿಯಾದರೆ ಸ್ವರವೇ ಕೆಡುತ್ತದೆ. ಏಪ್ರಿಲ್ಲಿನಲ್ಲಿ ಮನುಷ್ಯರಿಗಿಲ್ಲದ ಫ್ಯಾನು ಪೆಡಲಿಗೆ ತಿರುಗುತ್ತಿರುತ್ತದೆ.

ನಿಮ್ಮ ಮನೆಯಲ್ಲೂ ಇಂಥವರಿದ್ದರೆ, ಮುಂದಿನ ಪೆಡಲ್ ಕೊಳ್ಳುವ ಮುಂಚೆ ಇಷ್ಟು ಮಾಡಲು ಹೇಳಿ: ಶ್ರುತಿ ಇಳಿಸಲಿ, ಗೇನ್ ಅರ್ಧಕ್ಕೆ ತರಲಿ, ಮಿಡ್ ಏರಿಸಲಿ, ಬಾರಿಸಿದ ಸ್ವರ ಮುಗಿಯುವವರೆಗೆ ಕೈ ಕಟ್ಟಿ ನಿಲ್ಲಲಿ. ಉಳಿದ ದುಡ್ಡಿನಲ್ಲಿ ಸ್ಟೀಲ್ ತಟ್ಟೆಗಳ ನಡುವೆ ಹಾಕಲು ಒಂದಷ್ಟು ಬಟ್ಟೆ ತಂದುಕೊಡಲಿ.