ಮಂಗ, ಮಾಡು ಮತ್ತು ನಮೂನೆ 9

ನಮ್ಮ ಮನೆಯ ಮಾಡು ಸೋರಲು ಮೂಲ ಕಾರಣ ಮಂಗಗಳು. ಹೆಂಚಿನ ಮೇಲೆ ಕಬಡ್ಡಿ ಆಡಲು ಅವು ಯಾರ ಪರವಾನಗಿಯನ್ನೂ ಕೇಳಿದವಲ್ಲ. ಕಳೆದ ಆಷಾಢದಲ್ಲಿ ಅಡುಗೆಮನೆಯ ಪಾತ್ರೆಗಳೆಲ್ಲ ನಡುಮನೆಗೆ ಬಂದು ಜಲತರಂಗ ಶುರುವಾದ ಮೇಲೆ, ಹೆಂಚು ಇಳಿಸಿ ತಾರಸಿ ಹಾಕಿಸುವುದೆಂದು ನಿಶ್ಚಯವಾಯಿತು.

ಅದರ ಪರವಾನಗಿಗೆಂದು ಪಂಚಾಯಿತಿ ಕಚೇರಿಗೆ ಹೋದೆ. ಗುಮಾಸ್ತರು ಕೇಳಿದರು: "ನಮೂನೆ 9 ತಂದಿದೀರಾ ಮಾಸ್ತರೇ? 11 ಎ?" ಎರಡೂ ಪಂಚಾಯಿತಿ ಕೊಡುವ ಆಸ್ತಿ ದಾಖಲೆಗಳಂತೆ; ನನ್ನ ಬಳಿ ಇದ್ದದ್ದು ಅಜ್ಜನ ಹೆಸರಿನ ಕಂದಾಯ ರಸೀದಿ. ಅದನ್ನೂ ಗೆದ್ದಲು ಅರ್ಧ ಓದಿ ಮುಗಿಸಿತ್ತು. ದಾಖಲೆ ತೆಗೆದು ನೋಡಿದರೆ ಅಜ್ಜ ಇನ್ನೂ ಮನೆಯ ಯಜಮಾನ! ತೀರಿಹೋಗಿ ಮೂವತ್ತು ವರ್ಷವಾದರೂ ಕಡತದಲ್ಲಿ ನನಗಿಂತ ಗಟ್ಟಿಮುಟ್ಟಾಗಿದ್ದಾರೆ. ಮೊದಲು ಅವರ ಮರಣ ಪ್ರಮಾಣಪತ್ರ, ಆಮೇಲೆ ವಂಶವೃಕ್ಷ, ಖಾತೆ ಬದಲಾವಣೆ, ನಕ್ಷೆ. ಮಾಡಿನ ಮಾತು ಕಟ್ಟಕಡೆಗೆ. "ಅದೂ ಸರ್ವರ್ ಬಂದರೆ" ಎಂದ ಗುಮಾಸ್ತರು, ನೆಂಟರ ದಾರಿ ಕಾಯುವವರಂತೆ ಬಾಗಿಲ ಕಡೆ ನೋಡಿದರು.

ಇಳಿಸಲು ಇಷ್ಟು ಕಾಗದ ಬೇಡುವ ಈ ಹೆಂಚು ಬಂದ ಕಥೆ ಹಳೆಯದು: 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಹೆಂಚು ಬರುವ ಮೊದಲು ನಮ್ಮ ಕಡೆ ಅಡಿಕೆ ಸೋಗೆಯ ಮಾಡು. ಅದನ್ನು ವರ್ಷವರ್ಷವೂ ಬದಲಿಸಬೇಕಿತ್ತು. ಇವತ್ತಾದರೆ ವರ್ಷಕ್ಕೊಂದು ವಂಶವೃಕ್ಷ! (ಅಷ್ಟು ಸಲ ಬರೆದಿದ್ದರೆ ದಾಯಾದಿಗಳ ಹೆಸರಾದರೂ ಬಾಯಿಪಾಠವಾಗುತ್ತಿತ್ತು.)

ಸದ್ಯಕ್ಕೆ ಅರ್ಜಿ 'ಪರಿಶೀಲನೆಯಲ್ಲಿದೆ'. ಪಾತ್ರೆಗಳು ಸ್ವಸ್ಥಾನದಲ್ಲಿವೆ, ಅಂದರೆ ನಡುಮನೆಯಲ್ಲಿ. ನಿನ್ನೆ ಸಾರು ಮಾಡಲು ಒಂದು ತಪ್ಪಲೆ ಎತ್ತಿಕೊಂಡದ್ದಕ್ಕೆ ನನ್ನಾಕೆ ಕೇಳಿದಳು: "ಅಪ್ಪಣೆ ತಗೊಂಡ್ರಾ?"