ಕಟ್ಟೆಯ ಮೇಲಿನ ಕಚೇರಿ

ಕ್ಯಾಲಿಫೋರ್ನಿಯಾದಿಂದ ರಜೆಯ ನಿಮಿತ್ತ ರಟ್ಟೀಹಳ್ಳಿಗೆ ಆಗಮಿಸಿಯೂ ಉದ್ಯೋಗದಿಂದ ಮುಕ್ತಿ ದೊರೆಯದೆ, ಮನೆಯೊಳಗೆ ನೆಟ್‌ವರ್ಕೆಂಬುದು ದುರ್ಲಭವಾದುದರಿಂದ, ಕದಂಬೇಶ್ವರ ದೇಗುಲದ ಸಮೀಪದ ಕಟ್ಟೆಯನ್ನೇ ಕಾರ್ಯಾಲಯವನ್ನಾಗಿಸಿಕೊಂಡು ಲ್ಯಾಪ್‌ಟಾಪಿನೆದುರು ಆಸೀನನಾಗಿದ್ದ ತರುಣನನ್ನು, ಎಲೆಗೆ ಸುಣ್ಣ ಸವರುತ್ತಲಿದ್ದ ಕಾಕಾ ವಿಚಾರಣೆಗೆ ಗುರಿಪಡಿಸಿದರು.

“ರಾತ್ರಿ ಹತ್ತಕ್ಕ ಯಾರ ಕೂಡ ಜಗಳೋ ತಮ್ಮಾ?”

“ಜಗಳಲ್ಲ ಕಾಕಾ, ಮೀಟಿಂಗು. ಅಲ್ಲೀಗ ಮುಂಜಾನಿ ಒಂಬತ್ತೂವರಿ.”

“ವೀಸಾ ಹೆಂಗ ಸಿಕ್ಕತು?”

“ಎಚ್-1ಬಿ. ವರ್ಷಕ್ಕ 85,000 ಮಂದಿಗೆ. ಅರ್ಜಿ ಹೆಚ್ಚಾದ್ರ ಲಾಟರಿ ಎತ್ತತಾರ.”

“ಲಾಟರೀನಾ? ನಮ್ಮ ಸರಕಾರ 2007ರಾಗ ಬಂದ್ ಮಾಡೇತಲ್ಲೋ!”

“ಈಗ ಹೊರದೇಶದಿಂದ ಹೊಸಬರನ್ನ ಕರಸಾಕ ಕಂಪನಿ ಒಂದು ಲಕ್ಷ ಡಾಲರ್ ಕಟ್ಟಬೇಕಂತ 2025ರ ಸೆಪ್ಟೆಂಬರದಾಗ ಆಜ್ಞಾ ಆಗೇತಿ.”

ಕಾಕಾ ಎಲೆ ಮಡಿಸುವುದನ್ನೇ ಮರೆತರು.

“ಅಷ್ಟರಾಗ ಕುಮುದ್ವತಿ ದಂಡಿಗೆ ಎಷ್ಟ್ ಎಕರೆ ಬರತಾವು!”

“ಕಾಕಾ, ಮ್ಯೂಟ್ ಮಾಡೋದು ಮರತಿದ್ನಿ. ಮ್ಯಾನೇಜರು ಹುಬ್ಬಳ್ಳಿಯವರು, ಎಕರೆಗೆ ಎಷ್ಟಂತ ಕೇಳಾಕತ್ತಾರ.”