ಪ್ಲಾಟ್‌ಫಾರ್ಮಿನ ಮೇಲೆ ಹುಳದೂಟ

ಶಿವಮೊಗ್ಗ–ತಾಳಗುಪ್ಪ ಹಳಿಯ ಮೇಲೆ ರೈಲು ಒಲ್ಲದ ಮನಸ್ಸಿನಿಂದ ನಿಲ್ಲುವ ಸ್ಟೇಷನ್ನುಗಳಲ್ಲಿ ನಮ್ಮೂರಿನದೂ ಒಂದು. ಅದರ ಬೇಲಿ ಪಕ್ಕ ನಾವು ನಾಲ್ಕಾರು ಜನ ಸೇರಿ ಚಿಟ್ಟೆ ತೋಟ ಮಾಡಿದ್ದೇವೆ. ಹೂವಿಗೆ ಬರುವ ಚಿಟ್ಟೆ ನೆಂಟರಿದ್ದ ಹಾಗೆ, ಕುಡಿದು ಹೊರಟುಬಿಡುತ್ತದೆ. ಸಂಸಾರ ಹೂಡಬೇಕಾದರೆ ಮರಿಗಳಿಗೆ ಎಲೆ ಬೇಕು. ಅದೂ ಕಂಡಕಂಡ ಎಲೆಯಲ್ಲ: ಪ್ಲೇನ್ ಟೈಗರ್‌ಗೆ ಎಕ್ಕ, ಕಾಮನ್ ಮಾರ್ಮನ್‌ಗೆ ಕರಿಬೇವು, ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್‌ಗೆ ಈಶ್ವರಿ ಬಳ್ಳಿ. ಎಲೆ ತೂತಾದಷ್ಟೂ ತೋಟ ಚೆನ್ನಾಗಿದೆ ಎಂದರ್ಥ. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆದೇ ಆಯುಷ್ಯ ಸವೆಸಿದ ಊರಿನವರಿಗೆ ಇದನ್ನು ವಿವರಿಸಿ ನೋಡಿ!

ಒಂದು ಬೆಳಿಗ್ಗೆ ರೈಲು ಕ್ರಾಸಿಂಗಿಗೆ ನಿಂತಿತ್ತು. ಅಜ್ಜಿಯೊಬ್ಬರು ಇಳಿದವರೇ ಸೀದಾ ಕರಿಬೇವಿಗೆ ಕೈ ಹಾಕಿದರು.

“ಅಮ್ಮಾ, ಅದರಲ್ಲಿ ಹುಳ ಇದೆ!”

“ಇದ್ರೆ ಇರ್ಲಿ ಮಾರಾಯ್ರೆ, ತೊಳ್ಕೊಳ್ತೀನಿ.”

ಗೆಲ್ಲಿನ ಒಂದು ತುದಿ ಅವರ ಕೈಲಿ, ಇನ್ನೊಂದು ನನ್ನ ಕೈಲಿ, ನಡುವೆ ಮಾರ್ಮನ್ನಿನ ಮರಿ. ಎಳೆಯದಿದ್ದಾಗ ಹಕ್ಕಿಯ ಹಿಕ್ಕೆಯ ವೇಷ ಹಾಕಿ ಹಕ್ಕಿಗೇ ಟೋಪಿ ಹಾಕುವ ಈ ಹುಳ, ಬಲಿತ ಮೇಲೆ ಹಸಿರಾಗುತ್ತದೆ. ನಮ್ಮದು ಬಲಿತಿತ್ತು. ಎಳೆದಾಟ ತಾಳದೆ ತಲೆಯೆತ್ತಿ, ಕತ್ತಿನ ಸಂದಿಯಿಂದ ಕೆಂಪನೆಯ ಕವಲುಕೊಂಬು ಚಾಚಿ, ಗಬ್ಬು ವಾಸನೆ ಬಿಟ್ಟಿತು.

“ಅಯ್ಯಯ್ಯೋ, ಹಾವು!”

ಬೋಗಿಯ ಕಿಟಕಿಗಳಲ್ಲೆಲ್ಲ ತಲೆಗಳು. “ಎಷ್ಟುದ್ದ?” “ಹೆಡೆ ಬಿಚ್ಚಿತ್ತಾ?” ಒಂದೂವರೆ ಇಂಚು ಎಂದು ನಾನು ಅಂದದ್ದನ್ನು ಯಾರೂ ನಂಬಲಿಲ್ಲ. ಹಸಿರು ಬಾವುಟವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಗಾರ್ಡ್ ಬಂದರು. ಅಷ್ಟರಲ್ಲಿ ಆರೋಪಿ ಕೊಂಬು ಒಳಗೆಳೆದುಕೊಂಡು ಎಲೆಯ ಅಂಚು ಮೇಯುತ್ತಿತ್ತು. “ಎಲ್ರೀ ಕೊಂಬು?” ಎಂದು ಗಾರ್ಡ್ ಕೇಳಿದರು. ನನ್ನ ಮರ್ಯಾದೆ ಪ್ರಶ್ನೆ. ಬೆರಳಿನಿಂದ ಮೆಲ್ಲಗೆ ಬೆನ್ನು ಸವರಿದೆ. ಮತ್ತೆ ಚಾಚಿತು! ಬೋಗಿಯಿಡೀ ಚಪ್ಪಾಳೆ. ನಾನು ತಲೆಬಾಗಿ ಸ್ವೀಕರಿಸಿದೆ. ಹುಳ ಊಟ ಮುಂದುವರಿಸಿತು. ಅಜ್ಜಿ ಪಕ್ಕದ ಗಿಡದಿಂದ ಒಂದು ಹಿಡಿ ಕಿತ್ತುಕೊಂಡೇ ರೈಲು ಹತ್ತಿದರು.

ಅಜ್ಜಿಯ ಹುಳಿಗೆ ನನ್ನ ತಕರಾರಿಲ್ಲ. ಆಮೇಲೊಮ್ಮೆ ರೈಲ್ವೆ ಸಾಹೇಬರು ಬರುತ್ತಾರೆಂದು ತೋಟ “ಕ್ಲೀನ್” ಮಾಡಿದರಲ್ಲ, ಅದು ಹೊಟ್ಟೆ ಉರಿಸಿತು. ಕಳೆಯೆಂದು ಎಕ್ಕವನ್ನು ಕೊಚ್ಚಿ ಹಾಕಿದ್ದರು. ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳಗಳು ಕಡಿದ ಕೊಂಬೆಯ ಬಾಡಿದ ಎಲೆಯನ್ನೇ ಇನ್ನೂ ತಿನ್ನುತ್ತಿದ್ದವು. ಎಕ್ಕದ ಕುಲದ್ದಲ್ಲದ ಎಲೆ ಅವಕ್ಕೆ ಹಿಡಿಸದು. ಪಕ್ಕದಲ್ಲೇ ಕ್ರೋಟನ್ ಕುಂಡಗಳ ಸಾಲು. ಒಂದೆಲೆಯಲ್ಲೂ ತೂತಿಲ್ಲ. ಯಾರ ಹೊಟ್ಟೆಯನ್ನೂ ತುಂಬಿಸದ ಗಿಡವನ್ನೇ ಚೆಂದ ಎನ್ನಲು ನಾವು ಎಲ್ಲಿ ಕಲಿತೆವೋ!

ಪುಣ್ಯಕ್ಕೆ ಬುಡ ಕಿತ್ತಿರಲಿಲ್ಲ. ಮಳೆಗೆ ಎಕ್ಕ ಚಿಗುರಿತು. ಈ ಸಲ ನಾನು ಅರ್ಜಿ ಬರೆಯಲಿಲ್ಲ, ಪರಿಸರದ ಭಾಷಣವನ್ನೂ ಬಿಗಿಯಲಿಲ್ಲ. ಬುಡದಲ್ಲಿ ಒಂದು ಕಲ್ಲಿಟ್ಟು ಅರಿಶಿನ–ಕುಂಕುಮ ಹಚ್ಚಿದೆ, ಅಷ್ಟೆ. ಎಕ್ಕ ಹೇಗೂ ಗಣಪತಿಗೆ ಪ್ರಿಯ. ಮರುವಾರ ಕಲ್ಲಿನ ಮೇಲೆ ದಾಸವಾಳ ಕೂತಿತ್ತು, ಆಮೇಲೆ ದೀಪ ಬಂತು. ಕತ್ತಿ ಹಿಡಿದು ಬಂದವರು ಕೈಮುಗಿದು ಹೋದರು. ಹುಳಗಳು ನಿಶ್ಚಿಂತೆಯಾಗಿ ದೇವರ ಗಿಡವನ್ನು ಬೋಳಿಸುತ್ತಿವೆ. ತೊಂದರೆಯಾಗಿರುವುದು ನನಗೊಬ್ಬನಿಗೇ. ಅವನ್ನು ನೋಡಲು ಹತ್ತಿರ ಹೋದರೆ ಸಾಕು, ಅದೇ ಅಜ್ಜಿ ಕಿಟಕಿಯಿಂದ ಗದರುತ್ತಾರೆ:

“ಚಪ್ಪಲಿ ಬಿಟ್ಟು ಹೋಗಿ ಮಾರಾಯ್ರೆ!”